ಬಕೆಟ್ಟಿನಲ್ಲಿ ತೇಲಿದ ಹೆಸರುಗಳು

ಕಳೆದ ತಿಂಗಳು ಅನುಭವದ ಪ್ರಮಾಣಪತ್ರ ಬೇಕೆಂದು ಆ ಕಾಲೇಜಿಗೆ ಹೋಗಿದ್ದೆ. ವರಾಂಡದ ಮೆಟ್ಟಿಲು ಹತ್ತುತ್ತಿದ್ದಂತೆ ಸೋಪಿನ ಪುಡಿ ಕದಡಿದ ನೀರಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಸ್ವಚ್ಛತೆಯ ವಾಸನೆ ಇರಬಹುದು. ನನಗೆ ಮಾತ್ರ ಅದು ಅನಾಹುತದ ವಾಸನೆ. ಬಂದ ಕೆಲಸ ಮರೆತು ಹಳೆಯ ಫೋಟೋಗಳಿರುವ ಗೋಡೆಯ ಕಡೆಗೆ ಓಡಿದೆ. ಯಾಕೆ ಓಡಿದೆ ಅಂತ ತಿಳಿಯಬೇಕಾದರೆ ನಾನು ಅಲ್ಲಿ ಪಾಠ ಮಾಡಿದ ಒಂದೇ ಒಂದು ವರ್ಷದ ಕಥೆ ಹೇಳಬೇಕು. ಅದರಲ್ಲೂ ಆ ವರ್ಷದ ಆಷಾಢದ ಕಥೆ.

ಕಾಲೇಜು ಇರುವುದು ಯಲಬುರ್ಗಾಕ್ಕೂ ಕುಷ್ಟಗಿಗೂ ನಡುವಿನ ಒಂದು ಊರಿನಲ್ಲಿ. ಹೆಸರು ಹೇಳುವುದಿಲ್ಲ. ಹೇಳಿದರೆ ಇನ್ನೂ ಹತ್ತು ಜನ ಫೋನ್ ಮಾಡಿ ನಾನು ಬರೆದ ಕಾಲೇಜಿನ ಪುಸ್ತಕದಲ್ಲಿ ತಮ್ಮ ಹೆಸರು ಬಿಟ್ಟಿದ್ದಕ್ಕೆ ಬೈಯುತ್ತಾರೆ, ಈಗಾಗಲೇ ಬೈಸಿಕೊಂಡಿದ್ದು ಸಾಕಾಗಿದೆ. ನಾನು ಗಂಗಾವತಿಯವ, ಇತಿಹಾಸದ ಅತಿಥಿ ಉಪನ್ಯಾಸಕ. ಮನೆಗೆ ಬಂದ ಅತಿಥಿಗೆ ಕುರ್ಚಿ ಕೊಡುತ್ತಾರೆ. ನನಗೆ ಸ್ಟಾಫ್ ರೂಮಿನಲ್ಲಿ ಯಾರಾದರೂ ರಜೆ ಹಾಕಿದ ದಿನ ಮಾತ್ರ ಕುರ್ಚಿ ಸಿಗುತ್ತಿತ್ತು. ಊರವರೇ ಸೇರಿ ಕಟ್ಟಿದ ಕಾಲೇಜು ಅದು. ಮುಂದಿನ ವರ್ಷ ನಾನು ಇರಬೇಕೋ ಬೇಡವೋ ಎಂಬುದು ಪ್ರಿನ್ಸಿಪಾಲ್ ಮೇಡಂ ಅವರ ಒಂದು ಮಾತಿನ ಮೇಲೆ ನಿಂತಿತ್ತು.

ಜೂನ್ ಕೊನೆಯಲ್ಲಿ ಮೇಡಂ ಕರೆದರು.

“ಮಂಜುನಾಥ, ನೀವು ಹಿಸ್ಟರಿ ಅಲ್ಲೇನು?”

“ಹೌದ್ರಿ ಮೇಡಂ.”

“ಹಂಗಾರ ಕಾಲೇಜಿಂದೂ ಹಿಸ್ಟರಿ ಬರೀರಿ. ಡಿಸೆಂಬರದಾಗ ಕಾಲೇಜು ತಪಾಸಣಿಗೆ ಕಮಿಟಿ ಬರ್ತೈತಿ. ಅಷ್ಟರಾಗ ಪುಸ್ತಕ ಕೈಯಾಗ ಇರಬೇಕು.”

“ಎಷ್ಟು ಪುಟ ಇರಬೇಕ್ರಿ?”

“ಕಮಿಟಿಯವ್ರು ಓದಂಗಿಲ್ಲ, ಕೈಯಾಗ ಹಿಡದು ತೂಗಿ ನೋಡ್ತಾರ. ಅಷ್ಟು ಭಾರ ಇರ್ಲಿ.”

ಇತಿಹಾಸ ಬರೆಯಲು ಆಧಾರ ಬೇಕಲ್ಲ. ಹುಡುಕಿದೆ. ಕಾಲೇಜು ಶುರುವಾದದ್ದು ಹತ್ತಿಯ ಮಿಲ್ಲಿನ ಗೋದಾಮಿನಲ್ಲಂತೆ. ಒಂದು ಗೋಡೆಯ ಆಚೆ ಹತ್ತಿ ಬಿಡಿಸುವ ಯಂತ್ರ, ಈಚೆ ಅರ್ಥಶಾಸ್ತ್ರದ ಪಾಠ. ಹುಡುಗರು ಮನೆಗೆ ಹೋಗುವಾಗ ತಲೆಯೆಲ್ಲ ಬೆಳ್ಳಗಾಗಿ, ಕಾಲೇಜು ಸೇರಿದ ಮೊದಲ ವಾರಕ್ಕೇ ಮುದುಕರಾದಂತೆ ಕಾಣುತ್ತಿದ್ದರಂತೆ. ಆಮೇಲೆ ಊರಿನ ಜನ ಚಕ್ಕಡಿಯಲ್ಲಿ ಕಲ್ಲು ತಂದು ಹಾಕಿ ನಾಲ್ಕು ಕೋಣೆ ಕಟ್ಟಿಸಿದರು. ಇಷ್ಟು ಬಾಯಿಮಾತಿನಲ್ಲಿ ಸಿಕ್ಕಿತು. ಕಾಗದದಲ್ಲಿ ಏನೂ ಇರಲಿಲ್ಲ. ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಗೆದ್ದಲು ನನಗಿಂತ ಶ್ರದ್ಧೆಯಿಂದ ಓದಿ ಮುಗಿಸಿತ್ತು. ಉಳಿದದ್ದು ಎರಡೇ: ಪದವಿ ಪಾಸಾದವರ ಪಟ್ಟಿ, ಮತ್ತು ವರಾಂಡದ ಗೋಡೆಯ ಮೇಲಿನ ಫೋಟೋಗಳು.

ಪ್ರತಿ ವರ್ಷ ಪರೀಕ್ಷೆಗೆ ಮುಂಚೆ ಕೊನೆಯ ವರ್ಷದ ಹುಡುಗ ಹುಡುಗಿಯರು ಬೇವಿನ ಗಿಡದ ಮುಂದೆ ಗುರುಗಳ ಜೊತೆ ಫೋಟೋ ತೆಗೆಸುವುದು ಮೊದಲಿನಿಂದ ಬಂದ ಪದ್ಧತಿ. ಅಂಥ ನಲವತ್ತೇಳು ಫೋಟೋಗಳು ಕಟ್ಟು ಹಾಕಿಸಿ ಸಾಲಾಗಿ ತೂಗಿದ್ದವು. ಪ್ರತಿಯೊಂದರ ಕೆಳಗೆ ಇಸವಿ ಮತ್ತು ಸಾಲು ಪ್ರಕಾರ ಹೆಸರು ಟೈಪ್ ಮಾಡಿದ ಕಾಗದದ ಪಟ್ಟಿ. ಎಲ್ಲದರ ಮೇಲೂ ಬೆರಳು ದಪ್ಪ ಧೂಳು. ಅಟೆಂಡರ್ ಯಮನೂರಪ್ಪ ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸುತ್ತಿದ್ದ, ಆದರೆ ಆಷಾಢದ ಗಾಳಿ ನಮ್ಮ ಕಡೆ ಊರಿನ ಅರ್ಧ ಮಣ್ಣನ್ನು ಎತ್ತಿ ತಂದು ವರಾಂಡದಲ್ಲಿ ಸುರಿಯುತ್ತದೆ.

ಒಂದು ಶನಿವಾರ ಯಮನೂರಪ್ಪ ತನ್ನ ನಿವೃತ್ತಿಯ ಕಾಗದಕ್ಕಾಗಿ ಕೊಪ್ಪಳಕ್ಕೆ ಹೋಗಿದ್ದ. ನನಗೆ ಉತ್ಸಾಹ ಬಂತು. ನನಗೆ ಉತ್ಸಾಹ ಬಂದಾಗಲೆಲ್ಲ ನಮ್ಮವ್ವ ಗಾಜಿನ ಸಾಮಾನು ಎತ್ತಿಡುತ್ತಾಳೆ, ಕಾಲೇಜಿನಲ್ಲಿ ಹಾಗೆ ಎತ್ತಿಡುವವರು ಯಾರೂ ಇರಲಿಲ್ಲ. ಫೋಟೋಗಳನ್ನು ಇಳಿಸಿ ಕಟ್ಟು ಬಿಚ್ಚಿದೆ. ಚಿತ್ರಗಳನ್ನು ಒಂದು ಕಡೆ ಒಟ್ಟಿ, ಗಾಜುಗಳನ್ನೆಲ್ಲ ಸೋಪಿನ ಪುಡಿ ಹಾಕಿದ ದೊಡ್ಡ ಬಕೆಟ್ಟಿನಲ್ಲಿ ನೆನೆಹಾಕಿದೆ. ಒಂದು ತಾಸು ಬಿಟ್ಟು ನೋಡಿದರೆ ನೀರಿನ ಮೇಲೆ ಏನೋ ಬೂದು ಬಣ್ಣದ ಕಾಗದದ ಮುದ್ದೆ ತೇಲುತ್ತಿತ್ತು. ಹಿಂದೆ ಹಚ್ಚಿದ ಹಳೆ ಪೇಪರ್ ಇರಬೇಕೆಂದು ಮೋರಿಗೆ ಚೆಲ್ಲಿದೆ. ಗಾಜುಗಳು ವಜ್ರದ ಹಾಗೆ ಹೊಳೆದವು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದೆ.

ಆ ಪಟ್ಟಿಗಳನ್ನು ಗಾಜಿನ ಒಳಮೈಗೆ ಮೈದಾ ಅಂಟಿನಿಂದ ಹಚ್ಚಿದ್ದರು ಎಂಬುದು ಹೊಳೆದದ್ದು ಆಮೇಲೆ.

ಆದರೂ ಚಿತ್ರಗಳ ಕ್ರಮ ಉಳಿದಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಒಂದು ಗಾಳಿ ಬೀಸಿತು. ಒಟ್ಟಿದ್ದ ನಲವತ್ತೇಳು ವರ್ಷಗಳೂ ಎದ್ದು ಮೈದಾನದ ತುಂಬ ಹಾರಾಡಿದವು. ಒಂದು ವರ್ಷ ಬೇಲಿಗೆ ಸಿಕ್ಕಿಕೊಂಡಿತು, ಎರಡು ವರ್ಷ ಕಬಡ್ಡಿ ಅಂಕಣದಲ್ಲಿ ಬಿದ್ದಿದ್ದವು. ಆರಿಸಿ ತಂದೆ, ಎಲ್ಲವೂ ಸಿಕ್ಕವು. ಯಾವುದು ಯಾವ ವರ್ಷದ್ದು ಎಂಬುದು ಮಾತ್ರ ಸಿಗಲಿಲ್ಲ.

ಮೂರು ಗಂಟೆಗೆ ಯಮನೂರಪ್ಪ ಬಂದ. ಗಾಜು ನೋಡಿದ, ಚಿತ್ರ ನೋಡಿದ.

“ಹೆಸರಿನ ಪಟ್ಟಿ ಎಲ್ಲಿ ಅದಾವ್ರಿ ಸರ?”

ನಾನು ಮೋರಿಯ ಕಡೆ ಕೈ ತೋರಿಸಿದೆ. ಅವನು ಅಲ್ಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಒಂದು ಕಡ್ಡಿಯಿಂದ ಕೆದಕಿದ. ಏನೂ ಸಿಗಲಿಲ್ಲ. ಎದ್ದು ಕಡ್ಡಿ ಬಿಸಾಡಿ ಹೋದ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಅವತ್ತಿನಿಂದ ಮೂರು ತಿಂಗಳು ನನ್ನ ಜೊತೆ ಮಾತೇ ಆಡಲಿಲ್ಲ.

ಆ ಕೊರತೆಯನ್ನು ಮೇಡಂ ತುಂಬಿದರು. “ನಿಮ್ಮನ್ನ ಇತಿಹಾಸ ಬರೀಲಿಕ್ಕೆ ಹೇಳಿದ್ದೆ ಮಂಜುನಾಥ, ತೊಳೀಲಿಕ್ಕೆ ಅಲ್ಲ. ಫೋಟೋ ಯಾವ ವರ್ಷದ್ದು ಅಂತ ಗೊತ್ತಿಲ್ಲದ ಪುಸ್ತಕ ತೋರಿಸಿದ್ರ ಕಮಿಟಿ ನಗತೈತಿ. ಎಲ್ಲಾ ವರ್ಷ ಹಚ್ಚಿ ತರ್ರಿ. ಆಗಲಿಲ್ಲಂದ್ರ ಮುಂದಿನ ವರ್ಷ ನೀವು ನಿಮ್ಮ ಊರಾಗ, ನಾವು ನಮ್ಮ ಊರಾಗ.”

ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳ ಭಾನುವಾರಗಳೆಲ್ಲ ಬಸ್ಸಿನಲ್ಲಿ ಹೋದವು. ಫೋಟೋಗಳನ್ನು ಚೀಲದಲ್ಲಿ ಹಾಕಿಕೊಂಡು ಕೊಪ್ಪಳ, ಕುಷ್ಟಗಿ, ಇರಕಲ್ಲಗಡ ಅಂತ ಹಳೆಯ ವಿದ್ಯಾರ್ಥಿಗಳ ಮನೆ ಬಾಗಿಲು ತಟ್ಟಿದೆ. ಹಳೆಯ ವಿದ್ಯಾರ್ಥಿಗಳ ಕಣ್ಣಿಗೆ ಫೋಟೋದಲ್ಲಿ ಕಾಣುವುದು ಒಂದೇ ಮುಖ, ತಮ್ಮದು. ಅದೂ ತಪ್ಪಾಗಿ. ಕೊಪ್ಪಳದ ಒಬ್ಬ ವಕೀಲರು ಅರ್ಧ ತಾಸು ಭೂತಕನ್ನಡಿ ಹಿಡಿದು ನೋಡಿ ಇದೇ ನಾನು ಎಂದು ಬೆರಳಿಟ್ಟರು. ಚಹಾ ತಂದ ಅವರ ಮನೆಯವರು ಬಗ್ಗಿ ನೋಡಿ, “ಲಗ್ನದಾಗ ನೋಡೀನಿ ನಿಮ್ಮನ್ನ. ಇಷ್ಟು ಕೂದಲಾ ಆವಾಗೂ ಇದ್ದಿಲ್ಲ” ಅಂದರು. ವಕೀಲರು ಆ ಸಾಕ್ಷಿಯನ್ನು ಒಪ್ಪಲಿಲ್ಲ. ಇಬ್ಬರ ನಡುವೆ ವಾದ ಬೆಳೆದು ನನ್ನ ಚಹಾ ಆರಿತು.

ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಮೂರು ಬೇರೆ ಬೇರೆ ಫೋಟೋ ತೆಗೆದಿಟ್ಟು ಮೂರರಲ್ಲೂ ತಾನಿದ್ದೇನೆ ಎಂದರು. ಇದು ಹೇಗೆ ಸಾಧ್ಯ ಎಂದು ನಾನು ಪಟ್ಟು ಹಿಡಿದೆ.

“ಮೂರು ವರ್ಷ ಫೇಲಾಗೀನೋ ತಮ್ಮಾ. ಪ್ರತಿ ವರ್ಷ ಫೋಟೋಕ್ಕ ಕುಂತೀನಿ. ಪಾಸಾದವ್ರು ಒಂದ ಸಲ ಕುಂತಾರ, ಅವರಿಗೇನು ಸಿಕ್ತು?”

“ಹಂಗಾರ ಇವು ಯಾವ್ಯಾವ ವರ್ಷದ್ವು ಹೇಳ್ರಿ.”

“ಅದು ನೆನಪಿದ್ದಿದ್ರ ನಾ ಯಾಕ ಫೇಲಾಗ್ತಿದ್ದೆ?”

ಅಕ್ಟೋಬರ್ ಹೊತ್ತಿಗೆ ನಲವತ್ತೇಳರಲ್ಲಿ ಐದು ಫೋಟೋಗಳ ವರ್ಷ ಪತ್ತೆಯಾಗಿತ್ತು, ಅದರಲ್ಲೂ ಎರಡಕ್ಕೆ ತಕರಾರು ಇತ್ತು. ಒಂದು ಮಧ್ಯಾಹ್ನ ಖಾಲಿ ಕ್ಲಾಸಿನಲ್ಲಿ ಎಲ್ಲವನ್ನೂ ನೆಲದ ಮೇಲೆ ಹರವಿಕೊಂಡು, ಪ್ಯಾಂಟಿನ ಅಳತೆ ನೋಡಿ ಕಾಲ ಕಂಡುಹಿಡಿಯಲು ಕೂತಿದ್ದೆ. ಕಾಲಿನ ಬಳಿ ಅಗಲವಾಗಿದ್ದರೆ ಒಂದು ದಶಕ, ಮೇಲೆ ಸಡಿಲ ಕೆಳಗೆ ಬಿಗಿ ಇದ್ದರೆ ಇನ್ನೊಂದು. ಆದರೆ ನಮ್ಮ ಕಡೆ ಅಣ್ಣನ ಪ್ಯಾಂಟು ತಮ್ಮ, ತಮ್ಮನ ಪ್ಯಾಂಟು ಅವನ ತಮ್ಮ ಹಾಕುವುದರಿಂದ ಒಂದೇ ಪ್ಯಾಂಟು ಎರಡು ದಶಕದಲ್ಲಿ ಓಡಾಡುತ್ತಿತ್ತು. ನನಗೆ ಅಳು ಬರುವುದೊಂದು ಬಾಕಿ.

ಯಮನೂರಪ್ಪ ಕಸ ಗುಡಿಸುತ್ತ ಬಂದ. ನನ್ನನ್ನು ನೋಡಲಿಲ್ಲ. ಕಸಬರಿಗೆಯ ತುದಿಯಿಂದ ಒಂದು ಫೋಟೋವನ್ನು ಮೆಲ್ಲಗೆ ತಳ್ಳಿದ.

“ಇದು ಅದರ ಹಿಂದ ಬರಂಗಿಲ್ರಿ. ಮುಂದ ಬರ್ತೈತಿ.”

“ಹೆಂಗಂತಿ ಕಾಕಾ?”

“ಬೆಂಚು ನೋಡ್ರಿ. ಇದರಾಗ ಎಡಗಾಲು ಹೊಸಾದೈತಿ. ಅದನ್ನ ಬಡಿಗೇರ ಕೂಡಿಸುಮುಂದ ಹಿಡದವ ನಾನ. ಗಿಡಾ ನೋಡ್ರಿ, ಇಲ್ಲಿ ಒಂದು ಟೊಂಗಿ ಇಲ್ಲ. ಕರೆಂಟಿನವ್ರು ಕಡದದ್ದು ಅದರ ಮರುವರ್ಷ.”

ಮುಖಗಳನ್ನು ಅವನು ನೋಡುತ್ತಲೇ ಇರಲಿಲ್ಲ. ಬೆಂಚಿನ ಕಾಲು, ಗಿಡದ ಟೊಂಗೆ, ಗೋಡೆಯ ಸುಣ್ಣ, ಬೇವಿಗೆ ತೂಗುಹಾಕಿದ ಗಂಟೆ. ಆ ಗಂಟೆ ಹಳೆಯ ರೈಲು ಹಳಿಯ ತುಂಡು, ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನು ಬಾರಿಸಿದವನು ಅವನೇ. ಎರಡು ತಿಂಗಳು ನಾಲ್ಕು ತಾಲೂಕು ಅಲೆದು ನಾನು ಮಾಡಲಾಗದ್ದನ್ನು ಅವನು ಕಸ ಗುಡಿಸುವ ಹೊತ್ತಿನಲ್ಲಿ ಮಾಡುತ್ತಿದ್ದ. ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು. ಆಗಸ್ಟಿನಲ್ಲೇ ಬಾಯಿ ಬಿಟ್ಟಿದ್ದರೆ ಆ ವಕೀಲರ ಆರಿದ ಚಹಾ ಕುಡಿಯುವುದಾದರೂ ತಪ್ಪುತ್ತಿತ್ತು.

ಒಂದು ಫೋಟೋ ಕೈಗೆ ಬಂದಾಗ ಅವನು ಬೆಂಚನ್ನೂ ನೋಡಲಿಲ್ಲ, ಗಿಡವನ್ನೂ ನೋಡಲಿಲ್ಲ.

“ಇದು ನನ್ನ ಲಗ್ನದ ವರ್ಷದ್ರಿ” ಅಂದ. ಆಮೇಲೆ ಮೊದಲ ಸಾಲಿನ ಬಲತುದಿಯ ಹುಡುಗಿಯ ಮೇಲೆ ಬೆರಳಿಟ್ಟ. ಎರಡು ಜಡೆ, ಗಂಭೀರ ಮುಖ. “ಈಕಿ ಹೆಸರು ದ್ರಾಕ್ಷಾಯಣಿ. ಪಟ್ಟಿಯೊಳಗ ಹನ್ನೊಂದನೇದು. ಈ ಕಾಲೇಜಿನ್ಯಾಗ ಈಕಿ ಹೆಸರು ಇದ್ದದ್ದು ಅದೊಂದ ಕಡಿ. ನೀವು ಅದನ್ನ ತೊಳದ್ರಿ.”

ಅವನು ಹೇಳಿದ್ದು ಇಷ್ಟು. ಅವನ ಮದುವೆಯಲ್ಲಿ ಮಾವ ಒಂದು ಕೈಗಡಿಯಾರ ಕೊಟ್ಟಿದ್ದರು. ತಳಕಲ್ಲಿನ ಅವನ ಹೆಂಡತಿಯ ಅಣ್ಣ, ಮನೆಯ ಅಳಿಯನಿಗೆ ಬಸ್ಸು ತಪ್ಪಬಾರದೆಂದು ಅದನ್ನು ಹತ್ತು ನಿಮಿಷ ಮುಂದೆ ಇಟ್ಟಿದ್ದ. ಇದೇನೂ ವಿಶೇಷವಲ್ಲ, ನಮ್ಮ ಮನೆಯ ಗೋಡೆ ಗಡಿಯಾರವೂ ಹದಿನೈದು ನಿಮಿಷ ಮುಂದಿದೆ. ಎಲ್ಲರೂ ಮನಸ್ಸಿನಲ್ಲೇ ಹದಿನೈದು ಕಳೆದು ತಡವಾಗಿಯೇ ಹೊರಡುತ್ತೇವೆ. ಆದರೆ ಗಡಿಯಾರ ಮುಂದಿದೆ ಎಂದು ಹೆಂಡತಿಯ ಅಣ್ಣ ಯಮನೂರಪ್ಪನಿಗೆ ಹೇಳಿರಲಿಲ್ಲ. ಕೊನೆಯ ವರ್ಷದ ಇತಿಹಾಸದ ಪರೀಕ್ಷೆಯ ದಿನ ಶುರುವಿನ ಗಂಟೆಯನ್ನು ಆಗಿನ ಪ್ರಿನ್ಸಿಪಾಲರು ಹೇಳಿದ ಕೂಡಲೇ ಬಾರಿಸಿದ. ಮುಗಿಯುವ ಗಂಟೆಯನ್ನು ಹೊಸ ಗಡಿಯಾರ ನೋಡಿ, ತೋಳು ಮಡಚಿ ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಬಾರಿಸಿದ. ಹತ್ತು ನಿಮಿಷ ಮೊದಲೇ.

“ಹುಡುಗ್ರು ಯಾರೂ ಗದ್ದಲಾ ಮಾಡ್ಲಿಲ್ಲೇನು?”

“ಅವ್ರು ಎರಡು ತಾಸಿಗೇ ಎದ್ದು ಹೊರಗ ಬೀಡಿ ಸೇದಕೊಂತ ನಿಂತಿದ್ರು. ಒಳಗ ಬರಕೊಂತ ಕುಂತಾಕಿ ಈಕಿ ಒಬ್ಬಾಕಿ. ಇನ್ನೂ ಟೈಮ್ ಐತ್ರಿ ಅಂದ್ಲು. ಹೊರಗಿಂದ ಬಂದ ಮಾಸ್ತರು ಗಂಟಿ ಕೇಳ್ಸಿಲ್ಲೇನು ಅಂತ ಪೇಪರ್ ಕಸಗೊಂಡ್ರು. ಮೂರು ಮಾರ್ಕಿಗೆ ಹೋತ್ರಿ. ಮತ್ತ ಕೂಡಾಕ ಮನ್ಯಾಗ ಬಿಡ್ಲಿಲ್ಲ.”

“ನೀ ಯಾರಿಗೂ ಹೇಳಲಿಲ್ಲೇನು ಕಾಕಾ?”

“ಅವತ್ತ ಸಂಜಿಗೆ ಗೊತ್ತಾತು. ಸಾಹೇಬ್ರಿಗೆ ಹೇಳೀನಿ. ಪೇಪರಿನ ಬಂಡಲ್ ಕಟ್ಟಿ ಆಗೇತಿ, ಬಾಯಿ ಮುಚ್ಚು, ನೌಕರಿ ಬೇಕೋ ಬ್ಯಾಡೋ ಅಂದ್ರು. ಹೊಸದಾಗಿ ಲಗ್ನ ಆಗಿತ್ತು. ಬೇಕಾಗಿತ್ರಿ.” ಕಸಬರಿಗೆಯನ್ನು ಗೋಡೆಗೆ ಆನಿಸಿ ಅಂದ: “ಇನ್ನ ಮೂರು ತಿಂಗಳಿಗೆ ನಾ ಮನಿಗೆ ಹೋಗ್ತೀನಿ. ನಿಮ್ಮ ಪುಸ್ತಕದಾಗ ಅದನ್ನ ಬರೀರಿ. ಗಂಟಿ ತಪ್ಪಿದ್ದೂ, ಆಕಿ ಹೆಸರೂ.”

ನಾನು ಮೇಡಂ ಬಳಿ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಯಮನೂರಪ್ಪನನ್ನೂ ಕರೆಸಿದರು.

“ಯಮನೂರಪ್ಪ, ನಮ್ಮ ಗಂಟಿ ತಪ್ಪಿತ್ತಂತ ನಾವ ಬರದು ಕಮಿಟಿ ಕೈಯಾಗ ಕೊಡಬೇಕೇನು?”

“ಹೌದ್ರಿ.”

“ಪುಸ್ತಕದಾಗ ಪಾಸಾದವ್ರ ಹೆಸರಷ್ಟ ಹಾಕೋದಂತ ಠರಾವು ಆಗೇತಿ, ಗೊತ್ತೈತಿಲ್ಲ?”

“ಗೊತ್ತೈತ್ರಿ.”

ಮೇಡಂ ನನ್ನ ಕಡೆ ತಿರುಗಿದರು. “ಆಕೀನ ಕೇಳೀರೇನು? ಆಕಿ ಫೇಲಾಗಿದ್ದನ್ನ ಅಚ್ಚು ಹಾಕಿಸಿ ಊರಿಗೆಲ್ಲಾ ಹಂಚ್ತೀರಿ, ಆಕೀಗೆ ಬೇಕಾಗೇತೋ ಇಲ್ಲೋ?”

ಅದು ನಮ್ಮಿಬ್ಬರ ತಲೆಗೂ ಬಂದೇ ಇರಲಿಲ್ಲ.

ಮುಂದಿನ ಭಾನುವಾರ ಯಮನೂರಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ದ್ರಾಕ್ಷಾಯಣಿಯವರು ಕುಷ್ಟಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆಂದು ಅವನಿಗೆ ಮೊದಲಿನಿಂದ ಗೊತ್ತಿತ್ತು. ಇಷ್ಟು ವರ್ಷ ಆ ಬೀದಿ ಬಿಟ್ಟು ಸುತ್ತು ಹಾಕಿ ಓಡಾಡಿದ್ದನಂತೆ. ಬಸ್ಸಿನ ಕಿಟಕಿಯ ಹೊರಗೆ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿದ್ದವು. ನಾನು ಹಗುರಾಗಲೆಂದು ಎರಡು ಜೋಕು ಹೇಳಿದೆ, ಅವನು ನಗಲಿಲ್ಲ. ಮುಂದಿನ ಸೀಟಿನವರು ನಕ್ಕರು.

ಅಂಗಡಿಯಲ್ಲಿ ಐವತ್ತು ದಾಟಿದ ಹೆಂಗಸು ಟೇಪನ್ನು ಕೊರಳಿಗೆ ಹಾಕಿಕೊಂಡು ಮಷೀನಿನ ಮುಂದೆ ಕೂತಿದ್ದರು. ಅವನನ್ನು ನೋಡಿ ಕಾಲು ನಿಲ್ಲಿಸಿದರು.

“ಗಂಟಿ ಯಮನೂರಪ್ಪ ಅಲ್ಲೇನು?”

ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ. ಗಡಿಯಾರ, ಅಳಿಯತನ, ಬಂಡಲು. ನಾನು ಅವನ ಹಿಂದೆ ನಿಂತು ಎಲ್ಲಿ ನೋಡಬೇಕೋ ತಿಳಿಯದೆ ರವಿಕೆಯ ಕುತ್ತಿಗೆಯ ಮಾದರಿ ಚಿತ್ರಗಳನ್ನು ನೋಡುತ್ತಿದ್ದೆ.

“ನನಗ ಗೊತ್ತೈತಿ” ಅಂದರು ಅವರು. “ಅವತ್ತ ಗೊತ್ತಾತು. ದಿನಾ ಪರೀಕ್ಷಾ ಮುಗಿಸಿ ಓಡಿ ಹೋದ್ರ ಬಸ್ ನಿಂತಿರ್ತಿತ್ತು. ಅವತ್ತು ನಿಧಾನಕ ಹೋದ್ರೂ ಬಸ್ ಬಂದಿರ್ಲಿಲ್ಲ.”

“ಇನ್ನ ಎಷ್ಟು ಉಳದಿತ್ರಿ ಬರೆಯೋದು?” ಎಂದು ನಾನು ಕೇಳಿದೆ. ಬಾಯಿ ಮುಚ್ಚಿಕೊಂಡು ಇರಬೇಕಾದಲ್ಲಿ ಕೇಳುವುದು ನನ್ನ ಸ್ವಭಾವ.

“ಒಂದ ಪ್ರಶ್ನೆ. ವಿಜಯನಗರದವರ ಕಾಲದ ನೀರಾವರಿ. ನೀವು ಹಿಸ್ಟರಿ ಮಾಸ್ತರಂದ್ರಿ, ಹೇಳ್ರಿ ನೋಡೋಣು.”

ನಾನು ಅದೇ ಪಾಠವನ್ನು ಅದೇ ವಾರ ಮಾಡಿದ್ದೆ. ಹೊಳೆಗೆ ಅಡ್ಡ ಕಟ್ಟಿದ ಕಟ್ಟೆ, ಕಾಲುವೆ, ಕೆರೆ ಎಂದು ಮೂರು ಹೇಳಿ ನಿಂತೆ.

“ನಾಕನೇದು?”

ನಾನು ಮತ್ತೆ ರವಿಕೆಯ ಮಾದರಿ ಚಿತ್ರಗಳ ಕಡೆ ತಿರುಗಿದೆ. ಅವರು ಮಷೀನಿನ ಮೇಲಿದ್ದ ಬಟ್ಟೆ ಮಡಚುತ್ತ ಹೇಳಿದರು: “ಕೆರಿ ಕಟ್ಟಿಸಿದವ್ರಿಗೆ, ರಿಪೇರಿ ಮಾಡಿಸಿದವ್ರಿಗೆ ಹೊಲಾ ಬಿಡ್ತಿದ್ರು. ಅದಕ್ಕ ಕೆರಿ ಉಳಿತಿದ್ವು. ಇದು ಬರದಿದ್ರ ಪೂರಾ ಮಾರ್ಕ್ ಬರಂಗಿಲ್ಲ. ನಮ್ಮ ಸರ್ ಹೇಳಿದ್ರು.” ಮೂವತ್ತು ವರ್ಷ ದಾಟಿದ ಉತ್ತರ ಮಡಿಕೆ ಬಿಚ್ಚಿದ ಸೀರೆಯ ಹಾಗೆ ಹೊರಬಂತು. ನಾನು ಮೊಬೈಲಿನಲ್ಲಿ ಗುರುತು ಹಾಕಿಕೊಂಡೆ, ಮರುದಿನ ಕ್ಲಾಸಿನಲ್ಲಿ ಹೇಳಬೇಕಿತ್ತು.

ಯಮನೂರಪ್ಪ ಕೈ ಮುಗಿದ. “ತಂಗಿ, ನನ್ನ ತಪ್ಪು ಪುಸ್ತಕದಾಗ ಬರಸ್ತೀನಿ. ನೀವು ಹೂಂ ಅನ್ರಿ.”

ಅವರು ಕೊರಳಿನ ಟೇಪು ತೆಗೆದು ಮಷೀನಿನ ಮೇಲಿಟ್ಟರು.

“ಬ್ಯಾಡ ಅಣ್ಣಾ. ತಪ್ಪು ಬರದ್ರ ಜನ ತಪ್ಪು ಮಾಡಿದವ್ರನ್ನ ನೆನಸ್ತಾರ. ‘ಯಮನೂರಪ್ಪ ಎಷ್ಟು ದೊಡ್ಡ ಮನಶಾ’ ಅಂತಾರ. ನಾನು ಅದರಾಗ ಫೇಲಾದ ಹುಡುಗಿ ಆಗಿ ಉಳೀತೀನಿ. ನನ್ನ ಹೆಸರು ಎಲ್ಲಿತ್ತೋ ಅಲ್ಲಿ ಬರೀರಿ, ಸಾಕು.” ಆಮೇಲೆ ನನಗೆ: “ತೊಳದವ್ರು ನೀವಲ್ಲ? ನೀವ ಬರೀರಿ.”

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಅವನೂ ಕೇಳಲಿಲ್ಲ. ಒಂದು ಸ್ಟೂಲು ತೋರಿಸಿ ಚಹಾ ತರಿಸಿದರು. ಅವನು ಕೂತು ಕುಡಿದ.

ಮೇಡಂ ಎಲ್ಲ ಕೇಳಿ ಪೆನ್ನಿನ ಟೋಪಿ ಮುಚ್ಚಿಟ್ಟರು. “ಒಬ್ಬಾಕಿ ಹೆಸರಷ್ಟ ಹಾಕಾಕ ಬರಂಗಿಲ್ಲ. ಆ ಫೋಟೋದಾಗ ಇದ್ದವ್ರು ಎಲ್ಲಾರ ಹೆಸರೂ ಬರ್ಲಿ, ಸಾಲು ಪ್ರಕಾರ. ಫೋಟೋದ ಕೆಳಗ ಪಾಸು ಫೇಲು ಅಂತ ಯಾರೂ ಬರಿಯಂಗಿಲ್ಲ.” ನಾನು ತಲೆಯ ಮೇಲೆ ಕೈ ಹೊತ್ತೆ. ಫೋಟೋದಲ್ಲಿ ಮೂವತ್ತೆರಡು ತಲೆಗಳಿದ್ದವು. ಮತ್ತೆ ಬಸ್ಸು, ಮತ್ತೆ ಭೂತಕನ್ನಡಿ, ಮತ್ತೆ ಆರಿದ ಚಹಾ. ಸೋತು ದ್ರಾಕ್ಷಾಯಣಿಯವರಿಗೆ ಫೋನ್ ಮಾಡಿದೆ. ಮಷೀನು ತುಳಿಯುತ್ತಲೇ ಮೊದಲ ಸಾಲಿನ ಎಡದಿಂದ ಶುರುಮಾಡಿ ಮೂವತ್ತೆರಡೂ ಹೆಸರನ್ನು ಹೇಳಿದರು. ನಡುವೆ ಒಮ್ಮೆ ನಿಲ್ಲಿಸಿ, “ಹನ್ನೊಂದನೇದು ನಂದು, ಬರಕೊಂಡ್ರಿಲ್ಲ?” ಎಂದು ಖಾತ್ರಿ ಮಾಡಿಕೊಂಡರು.

ಯಮನೂರಪ್ಪ ಹೇಳಿದ ಕ್ರಮದಲ್ಲೇ ಫೋಟೋಗಳಿಗೆ ವರ್ಷ ಹಚ್ಚಿ ಪುಸ್ತಕ ಅಚ್ಚಾಯಿತು. ಕಮಿಟಿ ಬಂತು, ಅಧ್ಯಕ್ಷರು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ ಪಕ್ಕದವರಿಗೆ ಕೊಟ್ಟರು, ಅವರು ಮಿರ್ಚಿ ತಟ್ಟೆಯ ಕೆಳಗೆ ಇಟ್ಟರು.

ಜನವರಿ ಕೊನೆಯ ದಿನ, ಯಮನೂರಪ್ಪನ ಕಡೆಯ ದಿನ, ಗೋಡೆಗೆ ಫೋಟೋಗಳನ್ನು ಮತ್ತೆ ಹಾಕಿದೆವು. ದ್ರಾಕ್ಷಾಯಣಿಯವರ ವರ್ಷದ ಪಟ್ಟಿಯನ್ನು ನಾನೇ ಕೈಯಲ್ಲಿ ಬರೆದಿದ್ದೆ. ಅಂಟು ಹಚ್ಚಿ ಗಾಜಿನ ಒಳಗೆ ಇಡಲು ಹೋದಾಗ ಅವನು ಕೈ ಹಿಡಿದ.

“ಒಳಗ ಬ್ಯಾಡ್ರಿ. ರಟ್ಟಿನ ಮ್ಯಾಲೆ, ಫೋಟೋದ ಕೂಡ ಹಚ್ರಿ. ನಿಮ್ಮಂಥಾವ ಮತ್ತೊಬ್ಬ ಬಂದ ಬರ್ತಾನ.”

ಮುಂದಿನ ವರ್ಷ ನನಗೆ ಕೆಲಸ ಸಿಗಲಿಲ್ಲ. ಕಾಯಂ ಉಪನ್ಯಾಸಕರು ಬಂದರಂತೆ, ನನ್ನ ತಪ್ಪೇನೂ ಇಲ್ಲ ಎಂದು ಮೇಡಂ ಎರಡು ಸಲ ಹೇಳಿದರು. ಒಂದೇ ಸಲ ಹೇಳಿದ್ದರೆ ನಂಬುತ್ತಿದ್ದೆ.

ಹಾಗಾಗಿ ಕಳೆದ ತಿಂಗಳು ಆ ಸೋಪಿನ ವಾಸನೆಗೆ ಓಡಿದೆ. ಗೋಡೆಯ ಹತ್ತಿರ ಹೊಸದಾಗಿ ಬಂದ ಹೆಂಗಸೊಬ್ಬರು ನೆಲ ಒರೆಸುತ್ತಿದ್ದರು. ಬಕೆಟ್ಟು ಫೋಟೋಗಳಿಗೆ ತೀರಾ ಹತ್ತಿರವಿತ್ತು.

“ಅಕ್ಕಾರ, ಫೋಟೋಕ್ಕ ನೀರು ಹಚ್ಚಬ್ಯಾಡ್ರಿ. ಒಣಾ ಬಟ್ಟೀಲೆ ಒರಸ್ರಿ” ಅಂದೆ ಏದುಸಿರಿನಲ್ಲಿ.

“ಗೊತ್ತೈತ್ರಿ” ಅಂದರು ಅವರು, ತಲೆಯೆತ್ತದೆ. “ಹಿಂದಕ ಯಾವನೋ ಶ್ಯಾಣ್ಯಾ ಮಾಸ್ತರ ಹೆಸರೆಲ್ಲಾ ತೊಳದು ಮೋರಿಗೆ ಚೆಲ್ಲಿದ್ನಂತ. ಯಮನೂರಪ್ಪಜ್ಜ ಹೇಳಿ ಹೋಗ್ಯಾರ. ನೀವು ಯಾರ್ರಿ?”

ನಾನು ಬಗ್ಗಿ ಆ ಫೋಟೋದ ಪಟ್ಟಿ ನೋಡಿದೆ. ನನ್ನದೇ ಕೆಟ್ಟ ಅಕ್ಷರ. ಹನ್ನೊಂದನೆಯ ಹೆಸರು ತನ್ನ ಜಾಗದಲ್ಲಿತ್ತು.

“ಯಾರೂ ಅಲ್ರಿ” ಅಂದೆ. “ಸರ್ಟಿಫಿಕೇಟಿಗೆ ಬಂದೀನಿ.”